ಮಕ್ಕಳ ವಯೊಲಿನ್ ಗುಂಪಿಗೆ ಜ್ಯಾಝ್: ಮೊದಲು ಬೋ, ಆಮೇಲೆ ಸ್ವರ

ಮೇಡಂ, ಆರು ವಯೊಲಿನ್, ಎರಡು ಚೆಲ್ಲೊ, ಎಲ್ಲರೂ ಸುಜುಕಿ ಪಾಠಮಾಲೆಯ ಎರಡನೇ ಪುಸ್ತಕ ಮುಗಿಸಿದ ಮಕ್ಕಳು. ಜ್ಯಾಝ್ ಶೀಟ್ ಕೊಟ್ಟರೆ ಸ್ವರ ಸರಿಯಾಗೇ ನುಡಿಸ್ತಾರೆ, ಆದರೆ ಕೇಳೋಕೆ ಕವಾಯತಿನ ಬ್ಯಾಂಡ್ ಥರ ಇದೆ ಅಂದಿದ್ದೀರಿ. ತೊಂದರೆ ಇರೋದು ಬೋ (ಕಮಾನು) ಹಿಡಿದ ಬಲಗೈಲಿ. ಶೀಟನ್ನು ಒಂದು ತಿಂಗಳು ಬೀರುವಿನಲ್ಲಿಡಿ.

ಮೆಟ್ರೊನೋಮ್ 48ಕ್ಕೆ ಇಟ್ಟು, ಆ ಟಿಕ್ಕನ್ನು 2 ಮತ್ತು 4ನೇ ಬೀಟ್ ಅಂತ ಎಣಿಸಲು ಹೇಳಿ. ಹಾಡಿನ ವೇಗ ಆಗ 96. ಮೊದಲ ವಾರ ವಾದ್ಯ ಬೇಡ, ಚಿಟಿಕೆ ಸಾಕು. ಜೊತೆಗೆ ಕರ್ನಾಟಕ ಸಂಗೀತ ಕಲಿಯೋ ಮಕ್ಕಳಿಗೆ ಇದು ಇನ್ನೂ ಕಷ್ಟ, ಯಾಕಂದ್ರೆ ಆದಿತಾಳ ಹಾಕಿ ಹಾಕಿ ಸಮದ (ತಾಳದ ಮೊದಲ ಎಣಿಕೆಯ) ಮೇಲೇ ಭಾರ ಬಿಡೋ ರೂಢಿ ಬಂದಿರುತ್ತೆ. ಎರಡು ಮೂರು ಕ್ಲಾಸ್ ಹಿಡಿಯುತ್ತೆ, ಅವಸರ ಮಾಡಬೇಡಿ.

ಆಮೇಲೆ ಖಾಲಿ (ಬೆರಳಿಡದ) ಡಿ ತಂತಿ ಮೇಲೆ ಸ್ವಿಂಗ್, ಅಂದ್ರೆ ಜ್ಯಾಝಿನ ಉದ್ದ-ಗಿಡ್ಡ ನಡೆ. ಒಂದು ಬೀಟನ್ನು ಮೂರು ಪಾಲು ಮಾಡಿದರೆ ಮೊದಲ ಸ್ವರಕ್ಕೆ ಎರಡು ಪಾಲು, ಎರಡನೆಯದಕ್ಕೆ ಒಂದು. 96ರ ಆಸುಪಾಸಿನಲ್ಲಿ ಈ ಲೆಕ್ಕ ಸರಿ. ವೇಗ ಹೆಚ್ಚಿದಂತೆ ಎರಡೂ ಹತ್ತಿರ ಹತ್ತಿರ ಸಮ ಆಗ್ತಾ ಹೋಗುತ್ತೆ. ಚುಕ್ಕೆ ಹಾಕಿದ ಏಯ್ತ್ ನೋಟ್ (ಮುಕ್ಕಾಲು ಬೀಟ್), ಪಕ್ಕದಲ್ಲಿ ಸಿಕ್ಸ್‌ಟೀನ್ತ್ (ಕಾಲು ಬೀಟ್) ಅಂತ ಬರೆದು ತೋರಿಸಿದರೆ ಮೊದಲನೆಯದಕ್ಕೆ ಮೂರು ಪಾಲು, ಎರಡನೆಯದಕ್ಕೆ ಒಂದು ಆಗಿ ನಡೆ ಎಗರುತ್ತೆ. ಹಾಗಾಗಿ ಬರೆಯಬೇಡಿ, ಬಾಯಲ್ಲಿ ಹೇಳಿಸಿ.

ಕವಾಯತಿನ ಸದ್ದು ಬರೋ ಜಾಗ ಇದೇ: ಪ್ರತಿ ಬೀಟಿಗೂ ಡೌನ್ ಬೋ (ಕೆಳಮುಖ ಎಳೆತ) ಬೀಳುತ್ತೆ, ಡೌನ್ ಬೋಗೆ ತೂಕ ತಾನಾಗೇ ಬರುತ್ತೆ. ಸ್ಲರ್ (ಒಂದೇ ಎಳೆತದಲ್ಲಿ ಎರಡು ಸ್ವರ) ಬೀಟ್ ದಾಟಿಕೊಂಡು ಬರಲಿ. 1ನೇ ಬೀಟ್ ಒಂದೇ ಡೌನ್, 1ರ ಎರಡನೇ ಅರ್ಧ ಮತ್ತು 2ನೇ ಬೀಟ್ ಸೇರಿ ಒಂದು ಅಪ್, 2ರ ಎರಡನೇ ಅರ್ಧ ಮತ್ತು 3 ಸೇರಿ ಡೌನ್, ಹೀಗೇ ಮುಂದಕ್ಕೆ. ಆಗ ಬೋ ತಿರುಗೋದು ಅರ್ಧದ ಮೇಲೆ, ಒತ್ತೂ ಅಲ್ಲೇ ಬೀಳುತ್ತೆ. ಬೋ ಮಧ್ಯಭಾಗದಲ್ಲೇ ಇರಲಿ, ಸ್ವರಕ್ಕೆ ನಾಲ್ಕೈದು ಸೆಂಟಿಮೀಟರ್ ಸಾಕು. ವೈಬ್ರಾಟೊ (ಬೆರಳು ಅಲುಗಿಸಿ ಸ್ವರ ನಡುಗಿಸೋದು) ನಿಲ್ಲಿಸಿ, ಉದ್ದ ಸ್ವರದ ಕೊನೆಯಲ್ಲಿ ಬೇಕಾದ್ರೆ ಸ್ವಲ್ಪ ಬರಲಿ.

ಇಷ್ಟಾದ ಮೇಲೆ ಡಿ ಬ್ಲೂಸ್. 12 ಬಾರ್ (ಒಂದು ಬಾರ್ ಅಂದ್ರೆ ನಾಲ್ಕು ಬೀಟ್; ಡಿ7 ಥರದ್ದು ಕಾರ್ಡ್, ಒಟ್ಟಿಗೆ ನುಡಿಯೋ ಸ್ವರಗಳ ಗೊಂಚಲು): ನಾಲ್ಕು ಬಾರ್ ಡಿ7, ಎರಡು ಜಿ7, ಎರಡು ಡಿ7, ನಂತರ ಒಂದೊಂದು ಬಾರ್ ಎ7, ಜಿ7, ಡಿ7, ಎ7. ಡಿ ಯಾಕಂದ್ರೆ ಮೂರೂ ಕಾರ್ಡಿನ ಮೂಲಸ್ವರ ವಯೊಲಿನ್ನಲ್ಲೂ ಚೆಲ್ಲೊದಲ್ಲೂ ಖಾಲಿ ತಂತಿ. ಸ್ಯಾಕ್ಸೋಫೋನಿನವರಿಗೆ ಅನುಕೂಲವಾದ ಬಿ ಫ್ಲಾಟ್ ಬ್ಲೂಸನ್ನು ಮಕ್ಕಳ ತಲೆಗೆ ಕಟ್ಟಬೇಡಿ.

ಇಂಪ್ರೊವೈಸ್ ಮಾಡಿ (ಆ ಕ್ಷಣಕ್ಕೆ ಕಟ್ಟಿ ನುಡಿಸಿ) ಅಂದ ತಕ್ಷಣ ಸ್ಕೇಲ್ ಕೊಡೋದು ಎಲ್ಲರೂ ಮಾಡೋ ಕೆಲಸ. ಮಕ್ಕಳು ಅದನ್ನು ಕೆಳಗಿಂದ ಮೇಲಕ್ಕೆ, ಮೇಲಿಂದ ಕೆಳಕ್ಕೆ ಓಡಿಸಿ ಮುಗಿಸ್ತಾರೆ. ಡಿ ಒಂದೇ ಸ್ವರ ಕೊಡಿ. ನೀವು ಎರಡು ಬಾರ್ ಲಯ ಹಾಕಿ, ಮಗು ಎರಡು ಬಾರ್ ಉತ್ತರ ಕೊಡಲಿ. ಸ್ವರ ಆಯ್ಕೆ ಮಾಡೋಕೇ ಇಲ್ಲದಿದ್ದಾಗ ಲಯ ತಾನಾಗಿ ಹುಟ್ಟುತ್ತೆ. ಮುಂದಿನ ವಾರ ಎಫ್ ಮತ್ತು ಜಿ, ಅದರ ಮುಂದೆ ಎ ಮತ್ತು ಸಿ. ವಯೊಲಿನ್ನಲ್ಲಿ ಡಿ ತಂತಿ ಮೇಲೆ ಖಾಲಿ, ಹಿಂದೆ ಎಳೆದ 2ನೇ ಬೆರಳು, 3ನೇ ಬೆರಳು. ಎ ತಂತಿ ಮೇಲೂ ಅದೇ ಅಚ್ಚು. ಚೆಲ್ಲೊದಲ್ಲಿ ಎರಡೂ ತಂತಿ ಮೇಲೆ ಖಾಲಿ, 2, 4. ಎಡವೋದು ಎಲ್ಲಿ ಅಂದ್ರೆ, ಸುಜುಕಿ ವಯೊಲಿನ್ ಮೊದಲ ಪುಸ್ತಕ ಎ ಮೇಜರ್‌ನಲ್ಲೇ ಶುರುವಾಗೋದರಿಂದ 2ನೇ ಬೆರಳು 3ಕ್ಕೆ ಅಂಟಿಕೊಂಡೇ ಕೂರುತ್ತೆ. ಎಫ್ ಶಾರ್ಪ್ ಬಂದರೆ ಡಿ7 ಮೇಲೆ ನಡೆದುಹೋಗುತ್ತೆ, ಆದರೆ ಸಿ ಶಾರ್ಪ್ ಕಿವಿಗೆ ಚುಚ್ಚುತ್ತೆ. ಕರ್ನಾಟಕ ಶೈಲಿಯ ಮಕ್ಕಳಿಗೆ ಇದು ಶುದ್ಧ ಧನ್ಯಾಸಿಯ ಸ್ವರಗಳು ಅಂದರೆ ಐದು ನಿಮಿಷದಲ್ಲಿ ಹಿಡೀತಾರೆ. ಗಮಕ ಮಾತ್ರ ಆ ದಿನಕ್ಕೆ ಮನೇಲಿಟ್ಟು ಬರಲಿ. ಬ್ಲೂಸಿನ ಜಾರು ಬೇಕಿದ್ದರೆ 3ನೇ ಬೆರಳನ್ನು ಜಿಯಿಂದ ಎ ಫ್ಲಾಟಿಗೆ ತಳ್ಳಿ, ಮುಂದಿನ ಸ್ವರ ಖಾಲಿ ಎ.

96ರ ವೇಗದಲ್ಲಿ 12 ಬಾರಿಗೆ ಸರಿಯಾಗಿ 30 ಸೆಕೆಂಡ್. ಎಂಟು ಮಕ್ಕಳದ್ದು ಒಂದು ಸುತ್ತು 4 ನಿಮಿಷ, ಯಾರಿಗೂ ಕಾದು ಬೇಸರ ಬರಲ್ಲ. ಎರಡು ಬಾರ್ ನುಡಿಸು, ಎರಡು ಬಾರ್ ಸುಮ್ಮನಿರು ಅನ್ನೋ ನಿಯಮ ಇರಲಿ. ನಾಚಿಕೆಯ ಮಗುವಿಗೆ ಇದರಷ್ಟು ಉಪಕಾರ ಇನ್ನೊಂದಿಲ್ಲ.

ಉಳಿದವರನ್ನು ಸುಮ್ಮನೆ ಕೂರಿಸಬೇಡಿ. ಒಂದು ಗುಂಪು ಡಿ ತಂತಿಯಲ್ಲಿ ಡಿ7ಕ್ಕೆ ಎಫ್ ಶಾರ್ಪ್, ಜಿ7ಕ್ಕೆ ಎಫ್, ಎ7ಕ್ಕೆ ಜಿ ಹಿಡಿಯಲಿ. ಇನ್ನೊಂದು ಗುಂಪು ಎ ತಂತಿಯಲ್ಲಿ ಅದೇ ಕ್ರಮಕ್ಕೆ ಸಿ, ಬಿ, ಸಿ ಶಾರ್ಪ್. ಪ್ರತಿ ಕಾರ್ಡಿನ ಮೂರನೇ ಮತ್ತು ಏಳನೇ ಸ್ವರ ಅಷ್ಟರಲ್ಲೇ ಸಿಕ್ಕಿಬಿಡುತ್ತೆ, ಬೆರಳು ಹೆಚ್ಚು ಅಲುಗಾಡೋದೇ ಇಲ್ಲ. ಚೆಲ್ಲೊ ಪಿಟ್ಸಿಕಾಟೊದಲ್ಲಿ (ಬೆರಳಿಂದ ಮೀಟಿ) ನಡೆಯಲಿ: ಜಿ7ಗೆ ಹೋಗುವ ಮುಂಚಿನ ಬಾರಿನಲ್ಲಿ ಡಿ, ಇ, ಎಫ್, ಎಫ್ ಶಾರ್ಪ್, ಮುಂದಿನ ಬಾರಿಗೆ ಜಿ. ಬೆರಳು 0, 1, 2, 3, 4, ಅಷ್ಟೇ. ಎ7ನಿಂದ ಡಿಗೆ ಬರುವಾಗ ಎ ತಂತಿ ಮೇಲೆ ಇದೇ.

ಪಾಪ್ ಹಾಡಿಗೆ ಬಂದರೆ ಸ್ವಿಂಗ್ ಮರೆತುಬಿಡಿ, ಏಯ್ತ್ ನೋಟ್ (ಅರ್ಧ ಬೀಟ್) ಎಲ್ಲವೂ ಸಮ. ಡಿ, ಎ, ಬಿ ಮೈನರ್, ಜಿ ಈ ನಾಲ್ಕು ಕಾರ್ಡಿಗೆ ಹೊಂದುವ ಹಾಡುಗಳು ಬೇಕಾದಷ್ಟಿವೆ. ಮೂಲ ಶ್ರುತಿ ಹಟ ಬೇಡ. ಧಾಟಿಯನ್ನು ಸಾಹಿತ್ಯ ಹಾಡಿಸಿಯೇ ಕಲಿಸಿ. ಹಾಡಿನ ಎಳೆತ ಕಾಗದದ ಮೇಲೆ ಬರೆದರೆ ದೊಡ್ಡವರಿಗೂ ಓದೋಕಾಗಲ್ಲ.

ಡ್ರಮ್ ಇಲ್ಲದ ಕೊರತೆಗೆ ಚಾಪ್ ಇದೆ, ಅಂದ್ರೆ ಬೋವನ್ನು ತಂತಿಗೆ ಬಡಿದು ತಾಳ ಕೊಡೋದು. 1960ರ ದಶಕದಲ್ಲಿ ಬ್ಲೂಗ್ರಾಸ್ (ಅಮೆರಿಕದ ಜನಪದ ಶೈಲಿ) ಪಿಟೀಲುಗಾರ ರಿಚರ್ಡ್ ಗ್ರೀನ್ ಶುರುಮಾಡಿದ್ದು. ಎಡಗೈ ಮೂರು ಬೆರಳು ತಂತಿ ಮೇಲೆ ಹಗುರಾಗಿ ಇಟ್ಟು ಸದ್ದು ಕೊಲ್ಲಿ. ಒಂದೇ ಬೆರಳಾದರೆ ಹಾರ್ಮೋನಿಕ್ (ತೆಳು ಮೇಲ್ಸ್ವರ) ಕಿರುಗುಟ್ಟುತ್ತೆ. ಬೋವನ್ನು ಫ್ರಾಗ್ (ಕೈ ಹಿಡಿಯೋ ಕೊನೆ) ಹತ್ತಿರದಿಂದ ಕೆಳಗಿನ ಎರಡು ತಂತಿ ಮೇಲೆ ಬೀಳಿಸಿ, ಬಿದ್ದಲ್ಲೇ ನಿಲ್ಲಲಿ. ಪುಟಿದರೆ ಫ್ರಾಗಿನಿಂದ ದೂರ ಬಿದ್ದಿದೆ ಅಂತ ಅರ್ಥ. ಭುಜ ಏಳುತ್ತಿದ್ದರೆ ಮಣಿಕಟ್ಟಿನ ಬದಲು ತೋಳಿನಿಂದ ಹೊಡೀತಿದ್ದಾರೆ. 2 ಮತ್ತು 4ಕ್ಕೆ ಮಾತ್ರ. ಬೋವಿನ ಕೂದಲು ಕಿತ್ತುಹೋಗುತ್ತೆ, ಆದ್ದರಿಂದ ಹಳೇ ಬೋ ಇದಕ್ಕೇ ಮೀಸಲಿಡಿ.

ಕೇಳಿಸಲು ಜ್ಯಾಝ್ ವಯೊಲಿನ್‌ಗಾರ ಸ್ಟೆಫಾನ್ ಗ್ರಾಪೆಲ್ಲಿ ಇದ್ದ ಪ್ಯಾರಿಸ್ಸಿನ ಹಾಟ್ ಕ್ಲಬ್ ಕ್ವಿಂಟೆಟ್‌ನಿಂದ ಶುರುಮಾಡಿ. 1934ರ ತಂಡ, ವಯೊಲಿನ್, ಮೂರು ಗಿಟಾರ್, ಬಾಸ್, ಡ್ರಮ್ ಇಲ್ಲವೇ ಇಲ್ಲ. ಗಿಟಾರು 2 ಮತ್ತು 4ನ್ನು ಹೇಗೆ ಕತ್ತರಿಸುತ್ತೆ ಅಂತ ಮಕ್ಕಳೇ ಹುಡುಕಲಿ. ಒರಟು ಬೋ ಕೇಳಬೇಕಾದರೆ ಇನ್ನೊಬ್ಬ ಜ್ಯಾಝ್ ವಯೊಲಿನ್‌ಗಾರ ಸ್ಟಫ್ ಸ್ಮಿತ್.

ಪಿಕಪ್ (ವಾದ್ಯದ ಸದ್ದು ಹಿಡಿದು ಸ್ಪೀಕರಿಗೆ ಕಳಿಸೋ ಸಾಧನ) ಬಗ್ಗೆಯೂ ಕೇಳಿದ್ರಿ. ಪಿಯೆಜೊ (ಕಂಪನ ಹಿಡಿಯೋ) ಪಿಕಪ್ಪನ್ನು ನೇರ ಮಿಕ್ಸರಿಗೆ ಚುಚ್ಚಿದರೆ ಸದ್ದು ತೆಳ್ಳಗೆ ಕೀರಲಾಗುತ್ತೆ. ನಡುವೆ ಕನಿಷ್ಠ 1 ಮೆಗಾಓಮ್ ಇನ್‌ಪುಟ್ ಇರುವ ಪ್ರೀಆಂಪ್ (ಮಿಕ್ಸರಿಗೆ ಮುಂಚಿನ ವರ್ಧಕ) ಬೇಕು. ಶಾಲೆಯ ಚಿಕ್ಕ ಹಾಲಿಗೆ ಆ ಖರ್ಚು ದಂಡ. ಗುಂಪಿನ ಮುಂದೆ ಎರಡು ಮೈಕ್, ಸೋಲೊ ಬಂದ ಮಗು ಎರಡು ಹೆಜ್ಜೆ ಮುಂದೆ ಬಂದರಾಯಿತು.