ಸಂಪಾದಕರ ಉತ್ತರ: ಆ ಅಧಿಕಾರಿ ಯಾರ ಪರ?

ಶ್ರೀರಾಂಪುರದ ಕಿರಾಣಿ ಅಂಗಡಿಯವರೊಬ್ಬರು ನೊಂದು ಬರೆದಿದ್ದಾರೆ. ಅವರ ಗಲ್ಲಾಪೆಟ್ಟಿಗೆಯಿಂದ 8,000 ರೂಪಾಯಿ ಕದ್ದ 19 ವರ್ಷದ ಹುಡುಗನ ಮೇಲಿನ ಆರೋಪ ಸಾಬೀತಾಯಿತು. ಶಿಕ್ಷೆ ಪ್ರಕಟವಾಗುವ ಮುಂಚೆ, ತಪ್ಪಿತಸ್ಥನ ಹಿನ್ನೆಲೆ ವಿಚಾರಿಸಿ ನ್ಯಾಯಾಲಯಕ್ಕೆ ವರದಿ ಕೊಡುವ ಪರಿವೀಕ್ಷಣಾಧಿಕಾರಿಯೊಬ್ಬರು (ಪ್ರೊಬೇಷನ್ ಆಫೀಸರ್) ಬೀದಿಗೆ ಬಂದು ನಾಲ್ಕಾರು ಮನೆಗಳಲ್ಲಿ ವಿಚಾರಿಸಿ ಹೋದರು. ಆಮೇಲೆ ಹುಡುಗ ಮುಚ್ಚಳಿಕೆ ಬರೆದುಕೊಟ್ಟು ಮನೆಗೆ ಮರಳಿದ. “ಸರ್ಕಾರದ ಸಂಬಳ ಪಡೆದು ಕಳ್ಳನ ಪರ ವಕಾಲತ್ತು ಮಾಡುವುದು ನ್ಯಾಯವೇ?” ಎಂಬುದು ಅವರ ಪ್ರಶ್ನೆ.

ಮಾನ್ಯರೇ, ನಿಮ್ಮ ಸಿಟ್ಟು ಸರಿಯಾಗಿಯೇ ಇದೆ. ತಟ್ಟಿದ ಬಾಗಿಲು ಮಾತ್ರ ತಪ್ಪು.

ಆ ಅಧಿಕಾರಿ ತಾವಾಗಿ ಬಂದವರಲ್ಲ. ತಪ್ಪಿತಸ್ಥ 21 ವರ್ಷದೊಳಗಿನವನಾಗಿದ್ದು, ಅಪರಾಧ ಜೀವಾವಧಿ ಶಿಕ್ಷೆಗೆ ತಕ್ಕಂಥದ್ದಲ್ಲದಿದ್ದರೆ, ನ್ಯಾಯಾಲಯ ಪರಿವೀಕ್ಷಣಾಧಿಕಾರಿಯ ವರದಿ ತರಿಸಿಕೊಂಡೇ ಮುಂದುವರಿಯಬೇಕು ಎನ್ನುತ್ತದೆ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 6ನೇ ಕಲಂ. ವರದಿ ಓದಿದ ಮೇಲೂ ಪರಪ್ಪನ ಅಗ್ರಹಾರವೇ ತಕ್ಕ ಜಾಗ ಎನ್ನಿಸಿದರೆ ನ್ಯಾಯಾಧೀಶರು ಅಲ್ಲಿಗೇ ಕಳಿಸಬಹುದು; ಕಾರಣ ಬರೆದಿಡಬೇಕು, ಅಷ್ಟೇ. ಅಧಿಕಾರಿ ಹೇಳಿದ್ದಕ್ಕೆ ಅವರು ಕಟ್ಟುಬಿದ್ದಿಲ್ಲ.

ವಿಚಾರಣೆಯಲ್ಲಿ ಕೇಳುವುದು ಕದ್ದನೋ ಇಲ್ಲವೋ ಎಂದು. ಕದ್ದವನು ಎಂಥವನು ಎಂದು ಯಾರೂ ಕೇಳಿರುವುದಿಲ್ಲ. ನನಗೆ ಪರಿಚಯದ ನಿವೃತ್ತ ಅಧಿಕಾರಿಯೊಬ್ಬರು ಬೀದಿಗೆ ಹೋದರೆ ಮೊದಲು ಹುಡುಕುತ್ತಿದ್ದುದು ಹುಡುಗನ ಮನೆಯನ್ನಲ್ಲ, ಮೂಲೆಯ ಅಂಗಡಿಯನ್ನು. ಅಲ್ಲಿನ ಉದ್ರಿ ಪುಸ್ತಕ ತೆರೆಸಿ, ಆ ಮನೆಯವರ ಬಾಕಿ ತಿಂಗಳಿಗೊಮ್ಮೆ ಚುಕ್ತಾ ಆಗುತ್ತಿದೆಯೇ, ಹಣ ಕೊಡಲು ಬರುವವರು ಯಾರು ಎಂದು ಕೇಳುತ್ತಿದ್ದರು. ಒಮ್ಮೆ ಹುಡುಗನೇ ಪ್ರತಿ ಶನಿವಾರ ಗಾರೆ ಕೆಲಸದ ಕೂಲಿಯಿಂದ ಇನ್ನೂರು ಮುನ್ನೂರು ಕಟ್ಟಿ ಹೋಗುತ್ತಿದ್ದುದು ಆ ಪುಸ್ತಕದಲ್ಲಿ ಕಂಡಿತಂತೆ. ಸಾಕ್ಷಿಕಟ್ಟೆಗೆ ಇದು ಬರುವುದುಂಟೇ? ಯಾರಿಗೆ ಉದ್ರಿ ಕೊಡಬಹುದು, ಯಾರಿಗೆ ಕೊಡಬಾರದು ಎಂದು ನೀವು ದಿನವೂ ಅಳೆಯುತ್ತೀರಲ್ಲ, ಅದೇ ಕೆಲಸ ಅವರದೂ. ಅಂದಹಾಗೆ ಈ ಕೆಲಸ ಶುರುವಾದದ್ದೂ ವ್ಯಾಪಾರಿಯೊಬ್ಬನಿಂದಲೇ. 1841ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಬೂಟು ಹೊಲಿಯುತ್ತಿದ್ದ ಜಾನ್ ಆಗಸ್ಟಸ್ ಒಬ್ಬ ಕುಡುಕನಿಗೆ ಜಾಮೀನು ನಿಂತ. ಮೂರು ವಾರ ಬಿಟ್ಟು ಅವನನ್ನು ಮರಳಿ ಕರೆತಂದಾಗ ನ್ಯಾಯಾಧೀಶರು ಹಾಕಿದ ದಂಡ ಖರ್ಚಿನ ಹೊರತು ಒಂದೇ ಒಂದು ಸೆಂಟು.

ಹಾಗೆಂದು ಎಲ್ಲ ವರದಿಗಳೂ ಉದ್ರಿ ಪುಸ್ತಕದವರೆಗೆ ಹೋಗುವುದಿಲ್ಲ. ಕೆಲಸದ ಹೊರೆ ಹೆಚ್ಚಾದಾಗ ವರದಿ ನಾಲ್ಕು ಸಾಲಿಗೆ ಇಳಿಯುತ್ತಿತ್ತು ಎಂದು ಆ ನಿವೃತ್ತ ಅಧಿಕಾರಿಯೇ ಒಪ್ಪಿಕೊಂಡರು: ತಂದೆ ಕೂಲಿ, ತಾಯಿ ಮನೆಗೆಲಸ, ನಡತೆ ಉತ್ತಮ, ಬಿಡಬಹುದು. ಹೆಸರು ಬದಲಿಸಿದರೆ ಊರಿನ ಯಾವ ಹುಡುಗನಿಗಾದರೂ ಸಲ್ಲುವ ವರದಿ! ಅದು ಗೋಪ್ಯ ದಾಖಲೆಯಾದ್ದರಿಂದ ನಿಮ್ಮ ಪ್ರಕರಣದಲ್ಲಿ ಏನು ಬರೆದಿತ್ತೋ ನೀವೂ ನಾನೂ ಓದಲಾರೆವು.

ಮುಚ್ಚಳಿಕೆ ಬರೆಸಿಕೊಂಡರೆ ಬಿಟ್ಟುಬಿಟ್ಟಂತಲ್ಲ. ಗರಿಷ್ಠ ಮೂರು ವರ್ಷ, ಕರೆದಾಗ ಬಂದು ಶಿಕ್ಷೆ ಪಡೆಯುತ್ತೇನೆ ಎಂದು ಅವನು ಬರೆದುಕೊಟ್ಟಿದ್ದಾನೆ. ಷರತ್ತು ಮುರಿದರೆ ಈ ಕಳ್ಳತನಕ್ಕೇ ಜೈಲು ಸೇರಬಹುದು. ಮೊದಲ ತಪ್ಪಿಗಾದರೆ 50 ರೂಪಾಯಿವರೆಗಿನ ದಂಡ ಹಾಕಿ ಮುಚ್ಚಳಿಕೆ ಮುಂದುವರಿಸಲೂ ಅವಕಾಶವಿದೆ. 1958ರ ದರ ಅದು. ಇವತ್ತು ನಮ್ಮ ದರ್ಶಿನಿಗಳಲ್ಲಿ ಮಸಾಲೆ ದೋಸೆಗೂ ಸಾಲದು.

ನಿಮಗೆ ಅನ್ಯಾಯವಾಗಿದ್ದರೆ ಅದು ಬೇರೆ ಕಡೆ. ಹೀಗೆ ಬಿಡುಗಡೆ ಮಾಡುವಾಗ, ಅದೇ ಹೊತ್ತಿಗೆ, ನಷ್ಟವಾದವರಿಗೆ ಪರಿಹಾರ ಕೊಡಿಸಲು ಅದೇ ಕಾಯ್ದೆಯ 5ನೇ ಕಲಂನಲ್ಲಿ ಅವಕಾಶವಿದೆ. ಅದನ್ನು ಕೇಳಿ ಎಂದು ಸರ್ಕಾರಿ ವಕೀಲರಾಗಲಿ ಪೊಲೀಸರಾಗಲಿ ನಿಮಗೆ ಹೇಳಿದ ಪ್ರಸ್ತಾಪ ಪತ್ರದಲ್ಲಿ ಎಲ್ಲೂ ಇಲ್ಲ. ಹೇಳಬೇಕಿತ್ತು. ಆದೇಶದ ದೃಢೀಕೃತ ನಕಲಿಗೆ ಅರ್ಜಿ ಹಾಕಿ, ಕೊನೆಯ ಪುಟ ನೋಡಿ. ಪರಿಹಾರದ ಮಾತು ಅಲ್ಲಿದ್ದರೆ, ಹುಡುಗ ಅದನ್ನು ಕಟ್ಟುವಂತೆ ತಿಳಿಹೇಳಿ ನೆರವಾಗುವುದೂ ಪರಿವೀಕ್ಷಣಾಧಿಕಾರಿಯ ಕರ್ತವ್ಯಗಳಲ್ಲಿ ಒಂದು. ನೀವು ಬೈದಿರುವ ಆ ಅಧಿಕಾರಿಯನ್ನೇ ಹೋಗಿ ಕಾಣಬೇಕಾಗುತ್ತದೆ.