ಕಪ್ಪತಗುಡ್ಡದಾಗ ಸ್ಕೀ ಆಡಬಹುದೇನ್ರಿ?

ಪ್ರಶ್ನೆ: ನನ್ನ ಮಗ ಉತ್ತರಾಖಂಡದ ಔಲಿಗೆ ಹೋಗಿ ಬಂದಾಗಿಂದ, ಕಾಲಿಗೆ ಉದ್ದ ಪಟ್ಟಿ ಕಟ್ಕೊಂಡು ಹಿಮದ ಮ್ಯಾಲೆ ಜಾರೋ ಆ ಸ್ಕೀ ಸ್ಕೀ ಅಂತ ತಲಿ ತಿನ್ನಾಕತ್ಯಾನ್ರಿ. ಹಿಮ ಮಾಡೋ ಮಷೀನ್ ಅದಾವಂತಲ್ಲ, ನಮ್ಮ ಕಪ್ಪತಗುಡ್ಡದಾಗ ಅಂಥಾ ರೆಸಾರ್ಟ್ ಯಾಕ ಮಾಡಬಾರದು?
- ಓದುಗರು, ಮುಂಡರಗಿ

ಉತ್ತರ: ಮಷೀನ್ ಅದಾವು, ಖರೆ. ಆದ್ರ ಅದು ನೀರನ್ನ ಗಾಳಿ ಒತ್ತಡದಾಗ ಸಣ್ಣ ಹನಿ ಮಾಡಿ ಮ್ಯಾಲೆ ಚಿಮ್ಮಿಸ್ತೈತಿ ಅಷ್ಟ, ಆ ಹನಿ ನೆಲಕ್ಕ ಬೀಳೋದ್ರಾಗ ಹೆಪ್ಪುಗಟ್ಟಬೇಕಂದ್ರ ಹೊರಗ ಥಂಡಿ ಹೆಚ್ಚುಕಮ್ಮಿ ಸೊನ್ನಿಗಿಂತ ಕೆಳಗ ಇರಬೇಕು. ನಮ್ಮಲ್ಲಿ ಡಿಸೆಂಬರ್ ನಸುಕಿನ್ಯಾಗ ಮಫ್ಲರ್ ಸುತ್ಕೊಂಡು ಚಾ ಕುಡಿಯೋ ಥಂಡಿ ಅದಕ್ಕ ಸಾಲೂದಿಲ್ರಿ, ಗುಡ್ಡಕ್ಕ ನೀರು ಹೊಡದಂಗ ಆಗ್ತೈತಿ! ಮ್ಯಾಲಾಗಿ ಕಪ್ಪತಗುಡ್ಡ 2019ರಾಗ ವನ್ಯಜೀವಿಧಾಮ ಆಗೇತಿ, ಅಲ್ಲಿ ರೆಸಾರ್ಟ್ ಮಾತು ಎತ್ತಲೇಬಾರದು ಅಂತೀನಿ ನಾನು.

ಹಿಮ ಇದ್ದಲ್ಲೂ ಇದು ಸಸಾರ ಇಲ್ಲ. ಕಾಶ್ಮೀರದ ಗುಲ್ಮಾರ್ಗ್‌ನಾಗ ಗೊಂಡೋಲಾದ, ಅಂದ್ರ ಮಂದಿನ್ನ ಗುಡ್ಡದ ಮ್ಯಾಲೆ ಒಯ್ಯೋ ರೋಪ್‌ವೇದ, ಮೊದಲ ಹಂತ 1998ಕ್ಕ ಚಾಲೂ ಆತು, ಎರಡನೇದಕ್ಕ 2005ರ ತನಕ ಕಾಯಬೇಕಾತು. ಜೋಶಿಮಠದಾಗ 2023ರ ಜನವರಿಗೆ ಮನಿ ಗ್ವಾಡಿ ಬಿರುಕು ಬಿಟ್ಟು ನೆಲ ಕುಸಿದಾಗ ಔಲಿಗೆ ಹೋಗೋ ರೋಪ್‌ವೇನೂ ಬಂದ್ ಮಾಡಿದ್ರು, ಗುಡ್ಡದ ಮ್ಯಾಲೆ ಕಟ್ಟೋರು ಇದನ್ನ ಮರೀಬಾರದು.

ಹುಡುಗಗ ಹುಚ್ಚು ಖರೇನ ಇದ್ರ ಗುಲ್ಮಾರ್ಗ್‌ನಾಗ ಕೇಂದ್ರ ಸರ್ಕಾರದ್ದ ಸ್ಕೀಯಿಂಗ್ ಸಂಸ್ಥೆ ಐತಿ, ಅಲ್ಲಿ ಕಲೀಲಿ. ಮೊದಲು ಕಲಿಸೋದು ಓಡೋದಲ್ಲ, ನಿಲ್ಲೋದು: ಎರಡೂ ಸ್ಕೀ ಪಟ್ಟಿಯ ಮುಂದಿನ ತುದಿ ಹತ್ರ ತಂದು ಹಿಮ್ಮಡ ಹೊರಗ ಒತ್ತಬೇಕು, ಅದ ಬ್ರೇಕು. ಅಲ್ಲೀಮಟ ಸ್ಕೇಟಿಂಗ್‌ಗೆ ಹಚ್ರಿ, ಮೊಣಕಾಲು ಬಗ್ಗಿಸಿ ತೋಲ ಹಿಡಿಯೋದಾದ್ರೂ ರೂಢಿ ಆಗ್ತೈತಿ.