ಕೌಂಟರಿನ ಕೆಳಗಿನ ಖಾರದ ಪುಡಿ

ಪತ್ರ: ನಮ್ಮ ಬಂಗಾರದ ಅಂಗಡಿಯ ಆರು ಜನ ಕೆಲಸದವರಿಗೆ ವಾರಕ್ಕೆರಡು ದಿನ ಕರಾಟೆ ಹೇಳಿಸುತ್ತಿದ್ದೇನೆ. ಕೌಂಟರಿನ ಕೆಳಗೆ ಖಾರದ ಪುಡಿ, ದೊಣ್ಣೆ ಇಟ್ಟಿದ್ದೇನೆ. ದರೋಡೆಕೋರರ ಮುಂದೆ ಕೈಕಟ್ಟಿ ನಿಲ್ಲುವ ಕಾಲ ಹೋಯಿತು. ಇದನ್ನು ನೀವು ಎಲ್ಲ ಅಂಗಡಿಯವರಿಗೂ ಹೇಳಬಾರದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಕರಾಟೆ ಕಲಿಸಿ ಸ್ವಾಮಿ, ಬೇಡವೆನ್ನಲು ನಾನ್ಯಾರು? ರಾತ್ರಿ ಅಂಗಡಿ ಮುಚ್ಚಿ ಬಸ್‌ಸ್ಟ್ಯಾಂಡಿಗೆ ನಡೆಯುವ ಹೆಣ್ಣುಮಗಳಿಗೆ ಧೈರ್ಯವಾದರೂ ಬರುತ್ತದೆ. ಕಾನೂನೂ ನಿಮ್ಮ ಕಡೆಗಿದೆ: ದರೋಡೆ ತಡೆಯುವಾಗ ದರೋಡೆಕೋರನ ಪ್ರಾಣ ಹೋದರೂ ಸ್ವತ್ತಿನ ರಕ್ಷಣೆಯ ಹಕ್ಕೆಂದು ಭಾರತೀಯ ನ್ಯಾಯ ಸಂಹಿತೆಯ 41ನೇ ಕಲಂ ಒಪ್ಪುತ್ತದೆ. ಅಗತ್ಯಕ್ಕಿಂತ ಹೆಚ್ಚು ಹೊಡೆಯುವಂತಿಲ್ಲ ಎನ್ನುವ 37ನೇ ಕಲಮನ್ನೂ ಓದಿಕೊಳ್ಳಿ.

ನನ್ನ ತಕರಾರು ಆ ಖಾರದ ಪುಡಿಯದು. 2025ರ ಜನವರಿ 16ರಂದು ಬೀದರ್‌ನಲ್ಲಿ ಎಟಿಎಂಗೆ ಹಣ ತುಂಬಲು ಬಂದವರ ಕಣ್ಣಿಗೆ ಖಾರದ ಪುಡಿ ಎರಚಿದ್ದು ಬೈಕಿನಲ್ಲಿ ಬಂದ ದರೋಡೆಕೋರರೇ! ಹಾಡಹಗಲೇ ಗುಂಡನ್ನೂ ಹಾರಿಸಿದರು. ಹಣ ತುಂಬಲು ಬಂದಿದ್ದವರಲ್ಲಿ ಒಬ್ಬರು ಸತ್ತರು. ನಿಮ್ಮ ಡಬ್ಬಿಯ ಮುಚ್ಚಳ ಬಿಚ್ಚುವವರೆಗೆ ಇಂಥವರು ಕಾಯುತ್ತಾರೆಯೇ? ಮರುದಿನವೇ ಮಂಗಳೂರು ಹತ್ತಿರದ ಕೋಟೆಕಾರು ಸಹಕಾರಿ ಬ್ಯಾಂಕಿಗೆ ಆಯುಧ ಹಿಡಿದವರು ನುಗ್ಗಿದರು. ಸಿಬ್ಬಂದಿ ಜೀವ ಉಳಿಸಿಕೊಂಡರು. ಆಮೇಲೆ ಆರೋಪಿಗಳೂ ಸಿಕ್ಕರು, ಚಿನ್ನದ ಬಹುಪಾಲೂ ಸಿಕ್ಕಿತು. ಚಿನ್ನಕ್ಕೆ ಹಾಗೆ ತಿರುಗಿ ಬರುವ ಅಭ್ಯಾಸ ಉಂಟು.

ನಾನು ಪಿಯುಸಿ ಓದುವಾಗ ಚಿಕ್ಕಪ್ಪನ ಜವಳಿ ಅಂಗಡಿಯಲ್ಲಿ ಟವೆಲ್ ಮಡಚುತ್ತಿದ್ದೆ. ಒಂದು ಸಂಜೆ ಪಂಚೆ ಕೇಳಲು ಬಂದವನು ಚೂರಿ ತೆಗೆದ. ಚಿಕ್ಕಪ್ಪ ಎರಡೂ ಕೈ ಕಾಣುವಂತೆ ಮೇಲೆತ್ತಿ, "ಗಲ್ಲಾ ತೆಗೀತೀನಪ್ಪ, ಬೀಗದ ಕೈ ಜೇಬಲ್ಲಿದೆ" ಎಂದು ಹೇಳಿಯೇ ಜೇಬಿಗೆ ಕೈ ಹಾಕಿದರು. ನೋಟೆಲ್ಲ ಕೊಟ್ಟರು. ಬಾಗಿಲಿಗೆ ಅಡ್ಡ ನಿಂತಿದ್ದ ನನಗೆ "ಈಚೆ ಬಾರೋ" ಎಂದು ಗದರಿದರು. ಅವನು ಹೋದಮೇಲೆ ಅಟ್ಟಿಸಿಕೊಂಡು ಹೋಗಲೂ ಬಿಡಲಿಲ್ಲ. ಬಾಗಿಲೆಳೆದು, ಅವನು ಮುಟ್ಟಿದ್ದ ಗಾಜನ್ನು ಯಾರೂ ಒರೆಸಬೇಡಿ ಎಂದರು. ಪೊಲೀಸರು ಬಂದಾಗ ಮುಖ ನೆನಪಾಗಲಿಲ್ಲ, ಆದರೆ ಎಡಗಾಲಿನ ಚಪ್ಪಲಿಯ ಉಂಗುಷ್ಠಕ್ಕೆ ತಂತಿ ಸುತ್ತಿದ್ದನ್ನು ಹೇಳಿದರು. ಆಮೇಲೆ ಚಹಾ ತಂದರೆ ಲೋಟ ಹಿಡಿಯಲು ಅವರ ಕೈಗೆ ಆಗಲಿಲ್ಲ. ಊರವರು ಹೇಡಿ ಎಂದು ಆಡಿಕೊಂಡರು. ಇವತ್ತಿಗೂ ನನಗೆ ಆ ಊರಿನ ಮೇಲೆ ಸಿಟ್ಟಿದೆ.

ನಿಮ್ಮ ಕರಾಟೆ ಮೇಷ್ಟ್ರು ಇದನ್ನು ಕಲಿಸುತ್ತಾರೆಯೇ? ಕೈ ಎಲ್ಲಿಡಬೇಕು, ಯಾರು ಯಾವ ಬಾಗಿಲಿಂದ ಹೊರಗೆ, 112ಕ್ಕೆ ಯಾರು ಫೋನು ಮಾಡಬೇಕು, ಅದೂ ದರೋಡೆಕೋರರು ಹೋದಮೇಲೆ?

ನಮ್ಮ ಪತ್ರಿಕಾ ಕಸುಬಿನವರದೂ ತಪ್ಪಿದೆ, ಬಿಡಿ. ಕಳ್ಳನನ್ನು ಪೊರಕೆಯಲ್ಲಿ ಅಟ್ಟಿದ ವಿಡಿಯೊ ಸಿಕ್ಕರೆ ದಿನವಿಡೀ ಅದೇ. ಅಡ್ಡ ಹೋಗಿ ಚೂರಿಯಿಂದ ಇರಿಸಿಕೊಂಡ ಹುಡುಗನಿಗೆ ಒಳಪುಟದಲ್ಲಿ ನಾಲ್ಕು ಸಾಲು, ಅದರಲ್ಲೂ ಅಂಗಡಿಯ ನಷ್ಟವೇ ಎರಡು ಸಾಲು. ಅಂಗಡಿಗಳಲ್ಲಿ ಹನ್ನೆರಡು ತಾಸು ನಿಂತೇ ದುಡಿಯುವವರಿಗೆ ಕೂರಲು ಸ್ಟೂಲು ಕೊಡಿಸಲು ಕೇರಳದಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ಕಾಯ್ದೆಯನ್ನೇ ತಿದ್ದಬೇಕಾಯಿತು. ಸ್ಟೂಲಿಗೇ ಇಷ್ಟು ಪಾಡಾದರೆ, ಅವರು ನಿಮ್ಮ ಮಾಲಿಗಾಗಿ ಎದೆ ಕೊಡಬೇಕೆನ್ನುವುದು ಯಾವ ನ್ಯಾಯ?

ಆಭರಣದಂಗಡಿಯ ಮಾಲಿಗೆಂದೇ ವಿಮೆ ಸಿಗುತ್ತದೆ, ನೀವೂ ಮಾಡಿಸಿರುತ್ತೀರಿ. ನೌಕರರಿಗೆಂದು ಸರ್ಕಾರ ನಡೆಸುವ ವಿಮೆ ಇಎಸ್‌ಐ ಕಡ್ಡಾಯವಾಗುವುದು ಹತ್ತು ಜನರಾದರೂ ಇರುವ ಅಂಗಡಿಗೆ, ನಿಮ್ಮಲ್ಲಿರುವುದು ಆರು. ಆ ಆರು ಮಂದಿಯ ಹೆಸರಲ್ಲಿ ಏನು ಮಾಡಿಸಿದ್ದೀರಿ? ಪತ್ರವನ್ನು ಎರಡು ಸಲ ಓದಿದೆ, ಅದು ಕಾಣಲಿಲ್ಲ.

– ಸಂ.